ಮೂರು ವರ್ಷದ ಹಾಜರಿ

ಕುರುಗೋಡಿನ ನಮ್ಮ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರ ಕೋಣೆಗೆ ಕಾಲಿಟ್ಟರೆ ಮೊದಲು ಕಾಣುತ್ತಿದ್ದದ್ದು ಗೋಡೆಯ ಮೇಲಿನ ಒಂದು ಹಸಿರು ಹಲಗೆ. ಎಂಟನೆಯ ತರಗತಿಗೆ ಸೇರಿದ ದಿನದಿಂದ ಹತ್ತನೆಯದು ಮುಗಿಯುವವರೆಗೆ ಒಂದು ದಿನವೂ ಶಾಲೆ ತಪ್ಪಿಸದವರ ಹೆಸರನ್ನು ಅದರ ಮೇಲೆ ಹಳದಿ ಬಣ್ಣದಲ್ಲಿ ಬರೆಸುತ್ತಿದ್ದರು. ನಾನು ಸೇರುವ ಹೊತ್ತಿಗೆ ಅಲ್ಲಿದ್ದದ್ದು ಎರಡೇ ಹೆಸರು, ಎರಡೂ ಹುಡುಗರವು. ಜಾಣರು ಬೇಕಾದಷ್ಟು ಸಿಗುತ್ತಾರೆ, ದಿನಾ ಬರುವವರು ಸಿಗುವುದಿಲ್ಲ ಅನ್ನುವುದು ಮುಖ್ಯೋಪಾಧ್ಯಾಯರ ಸಿದ್ಧಾಂತ. ಅವರನ್ನು ನಾವೆಲ್ಲ ದೊಡ್ಡ ಸರ್ ಅನ್ನುತ್ತಿದ್ದೆವು. ಮೊದಲ ಸ್ಥಾನ ಬಂದವರಿಗೆ ಅವರು ಒಂದು ಪೆನ್ನು ಕೊಟ್ಟು ಬೆನ್ನು ತಟ್ಟುತ್ತಿದ್ದರು. ಪೂರ್ಣ ಹಾಜರಿಗೆ ಮಾತ್ರ ಪಂದ್ಯ ಗೆದ್ದವರಿಗೆ ಕೊಡುವಂಥ ದೊಡ್ಡ ಕಪ್ಪು, ಶಾಲು, ಹಾರ, ಮತ್ತೆ ಆ ಹಲಗೆ.

ಅದನ್ನು ನನಗಿಂತ ಮೊದಲು ನೋಡಿದವನು ನನ್ನ ಅಪ್ಪ. ಅಡ್ಮಿಷನ್ ಮಾಡಿಸಲು ಬಂದ ದಿನ ಕೈಕಟ್ಟಿಕೊಂಡು ನಿಂತು ಎರಡು ಸಲ ಓದಿದ. ಅಪ್ಪ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಮಷೀನು ನೋಡಿಕೊಳ್ಳುತ್ತಿದ್ದ, ದಿನಾ ಬೈಕಿನ ಮೇಲೆ ಹೋಗಿ ಬರುವುದು. ಕೆಲಸ ತಪ್ಪಿಸುವುದಕ್ಕೆ ನಮ್ಮ ಕಡೆ ನಾಗಾ ಮಾಡುವುದು ಅನ್ನುತ್ತಾರೆ. "ಗಿರಣಿಗೆ ಸೇರಿದಾಗಿಂದ ಒಂದ್ ದಿನ ನಾಗಾ ಮಾಡಿಲ್ರೀ ನಾನು" ಅನ್ನುವುದು ಅಪ್ಪ ತನ್ನ ಬಗ್ಗೆ ತಾನು ಹೇಳಿಕೊಳ್ಳುತ್ತಿದ್ದ ಒಂದೇ ಹೊಗಳಿಕೆ. ಮನೆಗೆ ಬರುವ ದಾರಿಯಲ್ಲಿ ಅಂದ: "ಓದಾಕ ನಿನ್ನ ತಲಿ ಹೆಂಗೈತೋ ನಂಗೊತ್ತಿಲ್ಲ. ಹೋಗಾಕ ಕಾಲಂತೂ ಅದಾವಲ್ಲ. ಆ ಹಲಗಿ ಮ್ಯಾಲ ನಿನ್ನ ಹೆಸ್ರು ಬರಬೇಕು ನೋಡು." ನಾನು ಹೂಂ ಅಂದೆ. ಹದಿಮೂರು ವರ್ಷದವಳಿಗೆ ಮೂರು ವರ್ಷ ಎಷ್ಟು ಉದ್ದ ಅಂತ ಹೇಗೆ ಗೊತ್ತಾಗಬೇಕು.

ಎಂಟನೆಯ ತರಗತಿಯಲ್ಲಿ ನನಗೆ ಕಣ್ಣು ಬಂತು. ಎರಡೂ ಕಣ್ಣು ಕೆಂಪಗಾಗಿ, ಬೆಳಿಗ್ಗೆ ಎದ್ದರೆ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು. ಬೇರೆ ಮನೆಯಾಗಿದ್ದರೆ ನಾಲ್ಕು ದಿನ ಮಲಗಿಸುತ್ತಿದ್ದರು. ಅಪ್ಪ ಒಂದು ಕಪ್ಪು ಕನ್ನಡಕ ತಂದು ಹಾಕಿ ಕಳಿಸಿದ. ದೊಡ್ಡ ಸರ್ ಆದರೂ ತಿರುಗಿ ಮನೆಗೆ ಕಳಿಸಬೇಕಿತ್ತು. ಅವರು ನನ್ನನ್ನು ಕಿಟಕಿಯ ಪಕ್ಕ ಒಂಟಿ ಬೆಂಚಿನ ಮೇಲೆ ಕೂರಿಸಿ, "ಯಾರೂ ಆಕಿ ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ್ರಿ" ಅಂದು ಹೋದರು. ಒಂದು ವಾರದೊಳಗೆ ಅರ್ಧ ತರಗತಿಗೆ ಕಣ್ಣು ಬಂತು. ಅವರೆಲ್ಲ ಮನೆಯಲ್ಲಿ ಮಲಗಿದರು, ರೋಗ ತಂದ ನಾನು ಮಾತ್ರ ದಿನಾ ಎದ್ದು ನಿಂತು "ಎಸ್ ಸರ್" ಅನ್ನುತ್ತಿದ್ದೆ. ಅಲ್ಲಿಯವರೆಗೆ ನನ್ನ ಜೊತೆ ಪೈಪೋಟಿಯಲ್ಲಿದ್ದ ನಾಲ್ಕೈದು ಹುಡುಗಿಯರ ಆಟವೂ ಅದರೊಂದಿಗೆ ಮುಗಿಯಿತು. ಈಗ ನೆನೆದರೆ ನಗು ಬರುತ್ತದೆ. ಆಗ ಹೆಮ್ಮೆಪಟ್ಟಿದ್ದೆ, ಅದನ್ನು ಮುಚ್ಚಿಡುವುದಿಲ್ಲ.

ಹತ್ತಕ್ಕೆ ಬರುವಷ್ಟರಲ್ಲಿ ನಾನು ಶಾಲೆಯ ಸೊತ್ತಾಗಿದ್ದೆ. ಹೇಗೂ ದಿನಾ ಬರುತ್ತಾಳಲ್ಲ ಅಂತ ಎಲ್ಲ ಕೆಲಸವನ್ನೂ ನನ್ನ ತಲೆಗೆ ಕಟ್ಟಿದರು. ತರಗತಿಯ ಲೀಡರ್ ನಾನು. ಪ್ರಾರ್ಥನೆಯಲ್ಲಿ ಪೇಪರ್ ಓದುವವಳು ನಾನು. ಖೋ ಖೋ ತಂಡಕ್ಕೆ ನಾಯಕಿ ನಾನು, ಅದೂ ನನಗಿಂತ ಚೆನ್ನಾಗಿ ಓಡುವ ಇಬ್ಬರಿದ್ದರೂ. ಅವರು ಹತ್ತಿ ಬಿಡಿಸುವ ದಿನಗಳಲ್ಲಿ ಶಾಲೆಗೆ ಬರುತ್ತಿರಲಿಲ್ಲ, ನಾನು ಬರುತ್ತಿದ್ದೆ, ಅಷ್ಟೇ ಕಾರಣ. ಬಳ್ಳಾರಿಯಲ್ಲಿ ಪ್ರಬಂಧ ಸ್ಪರ್ಧೆ ಅಂದರೂ ನಾನೇ. ಸ್ಪರ್ಧೆಗೆ ಹೋದ ದಿನ ರಿಜಿಸ್ಟರಿನಲ್ಲಿ ಹಾಜರಿ ಹಾಕುತ್ತಿದ್ದರು, ಹಾಗಾಗಿ ಅದರಲ್ಲಿ ಭಯವಿರಲಿಲ್ಲ. ಗೆಳತಿಯರು ನನ್ನನ್ನು ಹೆಸರಿನಿಂದ ಕರೆಯುವುದು ಬಿಟ್ಟು "ಏ ಹಾಜರಿ ಪುಸ್ತಕ" ಅನ್ನುತ್ತಿದ್ದರು. ಅಕ್ಕನ ಮದುವೆ, ತಮ್ಮನ ಕೂದಲು ತೆಗೆಸುವ ಜವಳ, ನೆಗಡಿ, ಮಳೆ, ಸುಮ್ಮನೆ ಬೇಸರ ಅಂತ ಅವರು ಮನೆಯಲ್ಲಿ ಉಳಿಯುತ್ತಿದ್ದರು. ನಾನು ಅವರನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ. ಒಂದು ದಿನ ಬಿಟ್ಟರೆ ಸಾಕಿತ್ತು, ಎಲ್ಲದರಿಂದ ಬಿಡುಗಡೆ. ಆದರೆ ಆ ಒಂದು ದಿನ ಬಿಡಬೇಕಾದರೆ ಅಪ್ಪನ ಮುಖ ನೋಡಬೇಕಲ್ಲ.

ಇದನ್ನೆಲ್ಲ ಗೇಲಿ ಮಾಡುತ್ತಿದ್ದವಳು ನನ್ನ ದೊಡ್ಡವ್ವ ಒಬ್ಬಳೇ. ದೊಡ್ಡವ್ವ ಅಂದರೆ ಅವ್ವನ ಅಕ್ಕ. ಗಂಡ ಬೇಗ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಬಳ್ಳಾರಿಯಲ್ಲಿ ಒಂದು ಕೋಣೆ ಮಾಡಿಕೊಂಡು ಜೀನ್ಸ್ ಪ್ಯಾಂಟು ಹೊಲಿಯುವ ಕಡೆ ಕೆಲಸಕ್ಕೆ ಹೋಗುತ್ತಿದ್ದಳು. ಬೆರಳುಗಳ ಸಂದಿಯಲ್ಲಿ ನೀಲಿ ಬಣ್ಣ ಯಾವಾಗಲೂ ಇರುತ್ತಿತ್ತು. ಜೊತೆಗೆ ಕೆಲಸ ಮಾಡುವವರಲ್ಲಿ ಬಹಳ ಜನ ತೆಲುಗಿನವರು, ಹಾಗಾಗಿ ಇವಳ ಮಾತಿನಲ್ಲೂ ಅಲ್ಲಲ್ಲಿ ತೆಲುಗು. ನಾನು ಹುಟ್ಟಿದಾಗ ಅವ್ವನಿಗೆ ಆರಾಮಿರಲಿಲ್ಲವಂತೆ, ಎರಡು ವರ್ಷ ನನ್ನನ್ನು ಸಾಕಿದವಳು ದೊಡ್ಡವ್ವ. "ಹಡದಾಕಿ ನಿಮ್ಮವ್ವ, ಎತ್ತಿ ಎತ್ತಿ ನಡ ಮುರಕೊಂಡಾಕಿ ನಾನು" ಅನ್ನುತ್ತಿದ್ದಳು.

ಆ ವರ್ಷ ಸಿರುಗುಪ್ಪದಲ್ಲಿ ಖೋ ಖೋ ಪಂದ್ಯ ಇದ್ದಾಗ ದೊಡ್ಡವ್ವ ಕೆಲಸ ಬಿಟ್ಟು ಬಸ್ಸು ಹತ್ತಿ ಬಂದಿದ್ದಳು. ಅಪ್ಪನ ಗಿರಣಿ ಅದೇ ಊರಿನಲ್ಲಿ, ಮೈದಾನದಿಂದ ಹತ್ತು ನಿಮಿಷದ ದಾರಿ, ಅಪ್ಪ ಬರಲಿಲ್ಲ. ದೊಡ್ಡವ್ವ ಮೈದಾನದ ಗೆರೆಯ ಪಕ್ಕದಲ್ಲೇ ನಿಂತು ಸೀರೆ ಎತ್ತಿ ಕಟ್ಟಿ, "ಓಡಲೇ, ನಿನ್ನ ಹಿಂದ ನಾಯಿ ಬಂದೈತಿ ಅಂತ ತಿಳ್ಕೊಂಡು ಓಡು!" ಅಂತ ಕೂಗುತ್ತಿದ್ದಳು. ನಾವು ಎರಡನೆಯ ಸುತ್ತಿನಲ್ಲೇ ಸೋತೆವು. ಅವಳು ನಮಗೆಲ್ಲ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಕೊಡಿಸಿ, ನನ್ನ ಕಿವಿಯ ಹತ್ತಿರ ಬಂದು ಅಂದಳು: "ನಾಳಿ ಸಾಲಿ ಬಿಟ್ಟು ನನ್ನ ಕೂಡ ಬಾ. ಸಿನಿಮಾ ನೋಡಿ ಬರೋಣ. ಒಂದಿನಕ್ಕ ಏನ್ ಸಾಲಿ ಬೀಳತೈತೇನು?" ನಾನು ಆಗಲ್ಲ ಅಂದೆ. "ನಿಮ್ಮಪ್ಪನ ಮಗಳು ನೀನು" ಅಂದು ಬೆನ್ನಿಗೊಂದು ಗುದ್ದಿದಳು.

ದಸರೆ ರಜೆ ಮುಗಿದ ಮೇಲೆ ಅವಳಿಗೆ ಲಿವರಿನ ತೊಂದರೆ ಅಂತ ಗೊತ್ತಾಯಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಇಟ್ಟರು. ನಾನು ಭಾನುವಾರ ಮಾತ್ರ ಹೋಗಿ ನೋಡುತ್ತಿದ್ದೆ. ಎರಡನೆಯ ಸಲ ಹೋದಾಗ ಅವಳ ಕಣ್ಣು ಅರಿಶಿನದ ಹಾಗೆ ಆಗಿದ್ದವು, ಹೊಟ್ಟೆ ಉಬ್ಬಿತ್ತು. ಅಂಥದ್ದರಲ್ಲೂ ನಗುತ್ತಲೇ ಕೇಳಿದಳು: "ಏನಮ್ಮಾ, ನಿನ್ನ ನೋಡಬೇಕಂದ್ರ ನಾನು ಐತಾರಕ್ಕನ ಬ್ಯಾನಿ ಬೀಳಬೇಕೇನು?" ನಾನೂ ನಕ್ಕೆ. ವಾರವೆಲ್ಲ ಅವಳ ಹತ್ತಿರ ಇರಬೇಕು ಅಂತ ನನಗೆ ಅನ್ನಿಸುತ್ತಿತ್ತು, ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಮುಂದಿನ ವಾರದಿಂದ ಪ್ರತಿ ಭಾನುವಾರ ಹತ್ತನೆಯವರಿಗೆ ವಿಶೇಷ ತರಗತಿ ಇಟ್ಟರು, ಲೀಡರ್ ನಾನೇ ಬೀಗ ತೆಗೆಯಬೇಕಿತ್ತು. ಅಷ್ಟರಲ್ಲಿ ಡಾಕ್ಟರರು ಕೈಚೆಲ್ಲಿ ಅವಳನ್ನು ಮನೆಗೆ ಕಳಿಸಿದ್ದರು. ಮೋಕದಲ್ಲಿರುವ ನನ್ನ ಮಾವ, ಅಂದರೆ ಅವಳ ತಮ್ಮ, ತನ್ನ ಮನೆಗೆ ಕರೆದುಕೊಂಡು ಹೋದ.

ಜನವರಿಯ ಒಂದು ಗುರುವಾರ. ಬೆಳಗಿನ ಆರು ಗಂಟೆ ಆಗಿತ್ತು. ಅಪ್ಪನ ಫೋನು ಹೊಡೆದುಕೊಂಡಾಗ ನನಗೆ ಎಚ್ಚರವಾಯಿತು. ಪಡಸಾಲೆಯಲ್ಲಿ ಅಪ್ಪ ಮಾತಾಡುವುದು ಗೋಡೆಯ ಈಚೆ ಮಲಗಿದ್ದ ನನಗೆ ಪೂರ್ತಿ ಕೇಳಿಸಿತು.

"ಯಾವಾಗ? ... ಹೌದಾ. ... ಆತು, ನಾವು ಬರ್ತೀವಿ. ಎಷ್ಟೊತ್ತಿಗೆ ಮಣ್ಣು? ... ಎರಡಕ್ಕಾ. ... ಇಲ್ಲಪ್ಪ, ಹುಡುಗಿಗೆ ಇವತ್ತು ಪರೀಕ್ಷಿ ಐತಿ. ಆಕಿನ್ನ ಕಾಯಬ್ಯಾಡ್ರಿ."

ಆವತ್ತು ಯಾವ ಪರೀಕ್ಷೆಯೂ ಇರಲಿಲ್ಲ. ಮಣ್ಣು ಎಂದರೆ ಏನೆಂದು ನನಗೆ ಗೊತ್ತಿತ್ತು, ಹೂಳುವ ಹೊತ್ತು. ಅವ್ವ ಒಂದು ಸಲ ಅಕ್ಕಾ ಅಂದಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಿರಬೇಕು, ದನಿ ಅಲ್ಲೇ ನಿಂತಿತು. ಅಪ್ಪ ಮೆಲ್ಲಗೆ ಅಂದ: "ಆಕಿನ್ನ ಎಬ್ಬಿಸಬ್ಯಾಡ. ಇನ್ನ ಎರಡು ತಿಂಗಳು ಉಳದೈತಿ. ಸಂಜಿಗೆ ಹೇಳಿದ್ರಾತು."

ನನ್ನ ಕಣ್ಣು ಮುಚ್ಚಿಯೇ ಇದ್ದವು. ಏಳಬೇಕು, ಎದ್ದು ಹೋಗಿ ನಾನೂ ಬರ್ತೀನಿ ಅನ್ನಬೇಕು ಅಂತ ಗೊತ್ತಿತ್ತು. ಅವ್ವ ಕೋಣೆಯ ಬಾಗಿಲಿಗೆ ಬಂದಳು. ಬಳೆಯ ಸದ್ದಿನಿಂದ ಗೊತ್ತಾಯಿತು. ನಾನು ನಿದ್ದೆಯಲ್ಲಿರುವವರು ಉಸಿರಾಡುವ ಹಾಗೆ ಉಸಿರಾಡಿದೆ. ಯಾಕೆ ಹಾಗೆ ಮಾಡಿದೆ ಅಂತ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅಪ್ಪನಿಗೆ ಹೆದರಿದೆ ಅಂತ ಹೇಳಿದರೆ ಸುಲಭ. ನಿಜವೆಂದರೆ, ಮೂರು ವರ್ಷ ಕಾದ ಕಪ್ಪು ನನಗೂ ಬೇಕಾಗಿತ್ತು. ನನಗೆ ಗೊತ್ತೇ ಇಲ್ಲ ಅಂತಾದರೆ ತಪ್ಪು ನನ್ನದಾಗುವುದಿಲ್ಲ ಅನ್ನುವ ಕುತಂತ್ರದ ಲೆಕ್ಕವೂ ಆ ಚಾದರದ ಒಳಗೇ ನಡೆದಿತ್ತು. ಸ್ವಲ್ಪ ಹೊತ್ತಾದ ಮೇಲೆ ಬಳೆಯ ಸದ್ದು ಹೊರಟುಹೋಯಿತು.

ಏಳು ಗಂಟೆಗೆ ಅಪ್ಪ ನನ್ನನ್ನು ಎಬ್ಬಿಸಿದ. "ನಿಮ್ಮವ್ವ ಮೊದಲನೇ ಬಸ್ಸಿಗೆ ಮೋಕಕ್ಕ ಹೋಗ್ಯಾಳ. ದೊಡ್ಡವ್ವಗ ಒಂಚೂರು ಜಾಸ್ತಿ ಆಗೈತಂತ. ನಾನೂ ನೋಡಿ ಬರ್ತೀನಿ" ಅಂದ. ನನ್ನ ಕಡೆ ನೋಡಲಿಲ್ಲ. ಎಂದೂ ಗಿರಣಿ ತಪ್ಪಿಸದವನು ಆವತ್ತು ತಾನು ನಾಗಾ ಮಾಡಿ ನನ್ನನ್ನು ಶಾಲೆಗೆ ಕಳಿಸುತ್ತಿದ್ದ. ಹೋಟೆಲಿನಿಂದ ಇಡ್ಲಿ ತಂದಿಟ್ಟಿದ್ದ. ನಾನು ನಾಲ್ಕೂ ಇಡ್ಲಿ ತಿಂದೆ. ಬಿಟ್ಟರೆ ಅನುಮಾನ ಬರುತ್ತದೆ ಅಂತ ಚಟ್ನಿಯನ್ನೂ ಬಿಡಲಿಲ್ಲ.

ಪ್ರಾರ್ಥನೆಯಲ್ಲಿ ಪೇಪರ್ ಓದಿದೆ. ಎಲ್ಲೂ ತಡವರಿಸಲಿಲ್ಲ. ತರಗತಿಯಲ್ಲಿ ನನ್ನ ನಂಬರ್ ಕರೆದಾಗ "ಎಸ್ ಸರ್" ಅಂದೆ. ಮೂರು ವರ್ಷದಲ್ಲಿ ಎಷ್ಟು ನೂರು ಸಲ ಅಂದಿದ್ದೆನೋ ಆ ಮಾತನ್ನು. ಅಳುವಂತಿರಲಿಲ್ಲ. ಅತ್ತರೆ ಯಾಕೆ ಅಂತ ಕೇಳುತ್ತಾರೆ, ಹೇಳಿದರೆ ನಿನಗೆ ಹೇಗೆ ಗೊತ್ತಾಯಿತು ಅನ್ನುತ್ತಾರೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಕೂತಂತಾಯಿತು ನನ್ನ ಪಾಡು. ಎರಡನೆಯ ಪೀರಿಯಡ್ಡಿನಲ್ಲಿ ಲೆಕ್ಕ ಹಾಕಿದೆ: ಹನ್ನೊಂದೂವರೆಯ ಬಸ್ಸು ಹಿಡಿದರೆ ಬಳ್ಳಾರಿ, ಅಲ್ಲಿಂದ ಇನ್ನೊಂದು ಬಸ್ಸು, ಎರಡು ಗಂಟೆಗೆ ಮೋಕ. ಬಿಸಿಯೂಟದ ಗಂಟೆ ಹೊಡೆದಾಗ ಮತ್ತೆ ಲೆಕ್ಕ ಹಾಕಿದೆ: ಈಗ ಹೊರಟರೂ ಮೂರೂವರೆ. ಮಧ್ಯಾಹ್ನದ ಹಾಜರಿ ಬೇರೆ ಕರೆಯುತ್ತಿದ್ದರು, ಅದು ತಪ್ಪಿದರೆ ಬೆಳಗಿನದೂ ಹೋದ ಹಾಗೆ. ಗೇಟು ತೆರೆದೇ ಇತ್ತು. ಯಾರೂ ಹಿಡಿದಿರಲಿಲ್ಲ. ನಾನೇ ಬಾಗಿಲು ಹಾಕಿಕೊಂಡು ನಾನೇ ಒಳಗೆ ಕೂತಿದ್ದೆ. ಮಧ್ಯಾಹ್ನವೂ "ಎಸ್ ಸರ್" ಅಂದೆ.

ಸಂಜೆ ಗೇಟಿನ ಹತ್ತಿರ ಅಪ್ಪ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ. ಪ್ಯಾಂಟಿನ ತುದಿಗೆ ಕೆಂಪು ಮಣ್ಣು ಹತ್ತಿತ್ತು. ನನ್ನ ತಲೆಯ ಮೇಲೆ ಕೈಯಿಟ್ಟು, "ದೊಡ್ಡವ್ವ ಹೋಗಿಬಿಟ್ಟಳವ್ವ" ಅಂದ. ಈಗಷ್ಟೇ ಗೊತ್ತಾದವಳ ಹಾಗೆ ನಾನು ಮುಖ ಮಾಡಬೇಕಿತ್ತು. ಮಾಡಿದೆ. "ಯಾವಾಗಪ್ಪಾ?" ಅಂತಲೂ ಕೇಳಿದೆ. ಬೆಳಗಿನಿಂದ ಹಿಡಿದಿಟ್ಟ ಅಳು ಆಗ ಒಮ್ಮೆಲೇ ಬಂತು, ಅದೇನೂ ನಾಟಕವಲ್ಲ, ಆದರೆ ನಾಟಕದ ಹಿಂದೆಯೇ ಬಂದದ್ದರಿಂದ ಅದೂ ಸುಳ್ಳಾಗಿ ಕಂಡಿತು ನನಗೆ. ಅಪ್ಪನೂ ಅತ್ತ. ನಮ್ಮಪ್ಪ ಕೆಟ್ಟವನಲ್ಲ, ಅದನ್ನು ಇಲ್ಲಿ ಹೇಳಿಬಿಡಬೇಕು.

ಮೋಕ ಮುಟ್ಟುವಾಗ ಕತ್ತಲಾಗುತ್ತಾ ಬಂದಿತ್ತು. ಅಂಗಳದಲ್ಲಿ ಹೆಂಗಸರು ಗುಂಪಾಗಿ ಕೂತಿದ್ದರು, ನನ್ನನ್ನು ನೋಡಿ ಇನ್ನೊಂದು ಸಲ ಅಳು ಎದ್ದಿತು. ಒಬ್ಬ ಮುದುಕಿ, "ಮಕ್ಕಳಿಲ್ಲದಾಕಿ, ಸಾಕಿದ ಮಗಳಾರ ಬಾಯಿಗೆ ಹನಿ ನೀರು ಬಿಡಲಿ ಅಂತ ಒಂದ್ ತಾಸು ಕಾಯ್ದಿವಿ. ಪರೀಕ್ಷಿ ಐತಂತಲ್ಲ, ಅದಕ್ಕ ಎತ್ತಿದ್ವಿ" ಅಂದಳು. ಬೇಡ ಅಂದರೂ ಕಾದಿದ್ದರು. ಮಾವ ಬಂದು ನನ್ನ ಕೈ ಹಿಡಿದುಕೊಂಡ. ಅತ್ತು ಅತ್ತು ದನಿ ಕೂತಿತ್ತು ಅವನಿಗೆ. ಏನಾದರೂ ಮಾತಾಡಬೇಕಲ್ಲ ಅಂತ ಕೇಳಿದ: "ಪರೀಕ್ಷಿ ಹೆಂಗ ಆತವ್ವ?"

"ಚಲೋ ಆತು ಮಾವ" ಅಂದೆ.

ಅವ್ವ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದಳು. ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿದಳು, ಆಮೇಲೆ ಬೇರೆ ಕಡೆ ಮುಖ ಮಾಡಿದಳು. ರಾತ್ರಿಯೇ ಅಪ್ಪ ನನ್ನನ್ನು ವಾಪಸು ಕರೆದುಕೊಂಡು ಬಂದ. ಶುಕ್ರವಾರ ಹೋದೆ. ಮೂರನೆಯ ದಿನದ ಕಾರ್ಯ ಶನಿವಾರ ಬಂತು, ಆವತ್ತು ಬೆಳಗಿನ ಶಾಲೆ, ಆವತ್ತೂ ಹೋದೆ.

ಫೆಬ್ರುವರಿ ಕೊನೆಗೆ ಶಾಲೆಯ ವಾರ್ಷಿಕ ಸಮಾರಂಭ. ಅಪ್ಪ ಹೊಸ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ, ಪಕ್ಕದಲ್ಲಿ ಅವ್ವ. ಪೆನ್ನುಗಳು, ಖೋ ಖೋದ ಸರ್ಟಿಫಿಕೇಟುಗಳು, ಪ್ರಬಂಧದ ಬಹುಮಾನ ಎಲ್ಲ ಮುಗಿದವು. ಕೊನೆಗೆ ದೊಡ್ಡ ಸರ್ ಮೈಕಿನ ಮುಂದೆ ಬಂದರು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಶಾಲು ಹೊದಿಸಿದರು. ಅಷ್ಟಕ್ಕೇ ಮುಗಿಯುತ್ತದೆ ಅಂದುಕೊಂಡಿದ್ದೆ.

"ಈ ಹುಡುಗಿ ಎಂಥಾಕಿ ಗೊತ್ತೇನ್ರಿ ನಿಮಗ?" ಅಂದರು. "ಸಾಕಿದ ದೊಡ್ಡವ್ವ ತೀರಿಕೊಂಡ ದಿನಾನೂ ಈಕಿ ಸಾಲಿಗೆ ಬಂದಾಳ! ಮನಿಯವರು ದುಃಖ ನುಂಗಿಕೊಂಡು, ಈಕಿಗೆ ಸುದ್ದಿ ತಿಳಿಸದ ಕಳಿಸ್ಯಾರ. ಮೂರನೇ ದಿನದ ಕಾರ್ಯ ಬಿಟ್ಟು ಬಂದಾಳ. ನೀವು ನೆಗಡಿ ಬಂದ್ರ ನಾಕು ದಿನ ಮಲಗ್ತೀರಿ. ಕಲೀರಿ ಈಕಿನ್ನ ನೋಡಿ!"

ಜನ ಚಪ್ಪಾಳೆ ತಟ್ಟಿದರು. ಅಪ್ಪ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ. ಈ ಕತೆಯನ್ನು ದೊಡ್ಡ ಸರ್‌ಗೆ ಹೇಳಿದವನು ಅವನೇ ಅಂತ ಆ ಚಪ್ಪಾಳೆಯಿಂದ ಗೊತ್ತಾಯಿತು.  ಸ್ಟೇಜಿನಿಂದ ಜಿಗಿದು ಓಡಿಹೋಗಬೇಕು ಅನ್ನಿಸಿತು, ಕೈಯಲ್ಲಿ ಕಪ್ಪು, ಕೊರಳಲ್ಲಿ ಹಾರ, ಮೈಮೇಲೆ ಶಾಲು, ಎಲ್ಲಿಗೆ ಓಡುವುದು? ಆಮೇಲೆ ಅವ್ವನನ್ನೂ ಮೇಲೆ ಕರೆದರು. ಕುಂಕುಮ ಹಚ್ಚಿ, ಕೈಗೆ ತೆಂಗಿನಕಾಯಿ ಕೊಟ್ಟು, ತಾಯಿ ಎರಡು ಮಾತು ಆಡಬೇಕು ಅಂತ ಮೈಕು ಮುಂದೆ ಹಿಡಿದರು. ಅವ್ವ ತೆಂಗಿನಕಾಯಿಯನ್ನು ಸೆರಗಿಗೆ ಹಾಕಿಕೊಂಡಳು. ಆಮೇಲೆ ನಮಸ್ಕಾರ ಅಂದು ಕೆಳಗಿಳಿದಳು. ತಾಯಿಗೆ ಸಂತೋಷಕ್ಕೆ ಮಾತೇ ಹೊರಡುತ್ತಿಲ್ಲ ಅಂತ ಮೈಕಿನಲ್ಲಿ ಹೇಳಿದರು.

ಅಪ್ಪ ಫೋಟೊ ತೆಗೆಸಲು ಅಲ್ಲೇ ಉಳಿದ. ಅವ್ವ, ನಾನು ಇಬ್ಬರೇ ಮನೆಯ ಕಡೆ ನಡೆದೆವು. ಅವಳ ಸೆರಗಿನಲ್ಲಿ ತೆಂಗಿನಕಾಯಿ, ನನ್ನ ಕಂಕುಳಲ್ಲಿ ಕಪ್ಪು. ಬಸ್ ಸ್ಟ್ಯಾಂಡು ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ಅವ್ವಾ, ಆವತ್ತು ಫೋನು ಬಂದಾಗ ನಾನು ನಿದ್ದಿ ಮಾಡಿದ್ದಿಲ್ಲ. ಎಚ್ಚರ ಇದ್ದೆ."

ಅವ್ವ ನಡೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು" ಅಂದಳು.

"ಮತ್ತ ಯಾಕ ಎಬ್ಬಿಸ್ಲಿಲ್ಲ?"

"ನಿಮ್ಮಪ್ಪ ಬ್ಯಾಡ ಅಂದಿದ್ದ. ನೀನಾಗಿ ಏಳ್ತಿ ಅಂತ ಬಾಗಲದಾಗ ನಿಂತು ಕಾಯ್ದೆ. ನೀ ಎದ್ದು ಬಂದಿದ್ರ ಅವನ ಮಾತು ಕೇಳ್ತಿದ್ದಿಲ್ಲ ನಾನು, ಕರಕೊಂಡು ಹೋಗ್ತಿದ್ದೆ." ಸ್ವಲ್ಪ ದೂರ ಹೋದ ಮೇಲೆ ಅಂದಳು: "ಏಳ್ಲಿಲ್ಲ ನೀನು."

 ಅಷ್ಟರಲ್ಲಿ ನಮ್ಮ ಓಣಿಯ ಹೆಂಗಸೊಬ್ಬಳು ಎದುರಿಗೆ ಬಂದು ಕಪ್ಪನ್ನು ಮುಟ್ಟಿ ನೋಡಿ, "ಅಬಾಬಾ, ಎಷ್ಟ್ ದೊಡ್ಡದೈತಿ! ಯಾತಕ್ಕ ಕೊಟ್ಟಾರ್ರೀ?" ಅಂದಳು.

ಅವ್ವ ಸೆರಗಿನ ಕಾಯಿಯನ್ನು ಈಚೆ ಕೈಗೆ ಬದಲಿಸಿಕೊಂಡಳು. "ಸಾಲಿ ಒಂದಿನಾನೂ ತಪ್ಪಿಸಿಲ್ರೀ ಆಕಿ" ಅಂದಳು.